ಗಡಿಯಾರದಂಗಡಿಯ ಮೆಟ್ಟಿಲು

ಮಹಡಿ ಮೆಟ್ಟಿಲ ಬುಡದಲ್ಲಿ ಅಣ್ಣ ಬಿದ್ದಿದ್ದ. ಹಣೆ ಒಡೆದಿತ್ತು, ಕಾಲು ಮುರಿದಿತ್ತು. ಮೇಲಿನ ಮೆಟ್ಟಿಲಲ್ಲಿ ತಮ್ಮ ನಿಂತಿದ್ದ. ಬೆಳಿಗ್ಗೆಯಷ್ಟೇ ಇಬ್ಬರಿಗೂ ಜಟಾಪಟಿಯಾಗಿತ್ತು—ಅಂಗಡಿಯ ಗಡಿಯಾರ ರಿಪೇರಿ ಮೇಜಿಗೆ ಇನ್ನು ತಾನು ಕೂರುತ್ತೇನೆಂದು ತಮ್ಮ ಹಟ ಹಿಡಿದಿದ್ದ.

"ಇವನೇ ತಳ್ಳಿದ್ದು," ಎಂದುಬಿಟ್ಟ ಅಣ್ಣ.

ಅಷ್ಟು ಸಾಕಾಯಿತು. ಅತ್ತಿಗೆ ತಮ್ಮನತ್ತ ತಿರುಗಿಯೂ ನೋಡಲಿಲ್ಲ. ಊರ ಬಾಯಿಗೆ ಬೀಗ ಹಾಕುವವರಾರು? ತಂದೆಯ ಜಾಗದಲ್ಲಿ ನಿಂತು ಸಾಕಿದವನೇ ಹೀಗಂದರೆ ತಮ್ಮ ಯಾರಲ್ಲಿ ಹೇಳಿಕೊಂಡಾನು? ದೂರು ಪೊಲೀಸರಿಗೆ ಹೋಯಿತು; ಜೈಲು ಕಣ್ಣೆದುರೇ ಇತ್ತು.

ವಾರದ ಮೇಲೆ ಇನ್ಸ್‌ಪೆಕ್ಟರಮ್ಮ ಅಂಗಡಿಗೇ ಬಂದರು. ಅತ್ತಿಗೆ, ತಮ್ಮ ಇಬ್ಬರೂ ಅಲ್ಲೇ ಇದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡೂ ಅಣ್ಣ ಮೇಜು ಬಿಟ್ಟಿರಲಿಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಇನ್ನೊಂದು ಮುಚ್ಚಿ, ಹಲ್ಲಿನ ಚಕ್ರ ಕೂರಿಸುತ್ತಿದ್ದ. ಭೂತಗನ್ನಡಿ ತೆಗೆದದ್ದೇ ಕತ್ತು ಬಲಕ್ಕೆ ವಾಲಿತು.

"ಬೀಳುವಾಗ ಏನು ನೋಡ್ತಿದ್ರಿ?"

"ಮೆಟ್ಟಿಲು. ಇನ್ನೇನು?"

"ಕತ್ತಿಗೇನಾಯ್ತು?"

ಅತ್ತಿಗೆ ಹೇಳಿದಳು: "ಎರಡು ತಿಂಗಳ ಹಿಂದೆ ಸೈಕಲ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು ಮೇಡಂ. ಆವತ್ತಿಂದ ಕತ್ತು ಹಿಡ್ಕೊಂಡಿದೆ. ಎಣ್ಣೆ ಉಜ್ಜಿ ಉಜ್ಜಿ ಸಾಕಾಯ್ತು."

"ಕೆಲಸದಲ್ಲಿ ತಪ್ಪು?"

"ಕೂದಲೆಳೆಯಷ್ಟೂ ಇಲ್ಲ," ಎಂದ ತಮ್ಮ. ಆ ಗಳಿಗೆಯಲ್ಲೂ ಅವನಿಗೆ ಅಣ್ಣನ ಕೈಯ ಮೇಲೆ ಹೆಮ್ಮೆ.

ಇನ್ಸ್‌ಪೆಕ್ಟರಮ್ಮ ಒಂದು ಬೆರಳನ್ನು ಮೇಜಿನ ಮಟ್ಟಕ್ಕೆ ಹಿಡಿದರು. "ಕತ್ತು ನೆಟ್ಟಗಿರಲಿ. ಬರೀ ಕಣ್ಣು ಕೆಳಗಿಳಿಸಿ. ಎಷ್ಟು ಬೆರಳು?"

ಅಣ್ಣನ ಹಣೆ ಬೆವರಿತು. "ಎರಡು."

"ಒಂದು ಕಣ್ಣು ಮುಚ್ಚಿ."

"...ಒಂದು."

"ಹಿಡಿದಿರೋದು ಕತ್ತಲ್ಲ," ಎಂದರು ಅವರು. "ತಲೆಗೆ ಬಿದ್ದ ಆ ಪೆಟ್ಟಿನಿಂದ ಎಡಗಣ್ಣನ್ನ ಕೆಳಗಿಳಿಸೋ ನರ ಸೋತಿದೆ. ಕೆಳಗೆ ನೋಡಿದ್ರೆ ಒಂದು ಮೆಟ್ಟಿಲು ಎರಡಾಗುತ್ತೆ. ಕತ್ತು ವಾಲಿಸಿದ್ರೆ ಎರಡೂ ಕೂಡ್ಕೊಳ್ಳುತ್ತೆ. ಭೂತಗನ್ನಡಿಗೆ ಒಂದೇ ಕಣ್ಣು ಸಾಕಲ್ವಾ, ಅದಕ್ಕೇ ಮೇಜಿನಲ್ಲಿ ಯಾರಿಗೂ ಸುಳಿವು ಸಿಗಲಿಲ್ಲ. ನಮ್ಮಕ್ಕನಿಗೂ ಹೀಗೇ ಆಗಿ ಕೆಲವು ತಿಂಗಳಲ್ಲಿ ಸರಿಹೋಯ್ತು. ನಿಮ್ಮನ್ನ ಬೀಳಿಸಿದ್ದು ಆ ನರ. ಆದ್ರೆ ಸುಳ್ಳು ಹೇಳಿದ್ದು ನರ ಅಲ್ಲ—ನೀವು."

ಅತ್ತಿಗೆ ಬಾಯಿಗೆ ಸೆರಗು ಹಿಡಿದಳು.

"ಕಣ್ಣು ಕೆಟ್ಟವನ ಕೈಗೆ ಯಾರು ಗಡಿಯಾರ ಕೊಡ್ತಾರೆ?" ಅಣ್ಣನ ದನಿ ಉಡುಗಿತ್ತು. "ಮೇಜು ನಿನ್ನ ಪಾಲಾಗುತ್ತೆ ಅಂತ ಹೆದರಿಬಿಟ್ಟೆ ಕಣೋ."

ತಮ್ಮ ಮೇಜಿನ ಹತ್ತಿರ ಬಂದ. "ಕಣ್ಣು ಡಾಕ್ಟ್ರಿಗೆ ತೋರಿಸೋಣ, ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ನನ್ನನ್ನ ಜೈಲಿಗೆ ಕಳಿಸೋಕೂ ತಯಾರಾಗಿದ್ಯಲ್ಲ ಅಣ್ಣ... ಇನ್ನು ನಿನ್ನ ಪಕ್ಕ ನಾನು ಹೇಗೆ ಕೂರ್ಲಿ?"