ಯಾರದೋ ಲಿವರ್

ಪ್ರಾರ್ಥನೆ ಮುಗಿಯುವ ಹೊತ್ತಿಗೆ ಟೀಚರ್‌ಗೆ ವಾಕರಿಕೆ ಬಂದಿತ್ತು.

ಕನ್ನಡಕದಂಗಡಿಯವನ ಮನೆಯ ಹಾಲಿನಲ್ಲಿ ನೆಂಟರೆಲ್ಲ ಕಣ್ಣು ಮುಚ್ಚಿ ಕೂತಿದ್ದರು. ಅವನ ಲಿವರ್ ಕೈಕೊಟ್ಟಿತ್ತು. ಬೇರೆ ಲಿವರ್ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಲಿವರ್ ಸಿಕ್ಕಿತೆಂದು ಆಸ್ಪತ್ರೆಯಿಂದ ಫೋನ್ ಬರಲೆಂದು ಮನೆಮಂದಿಯೆಲ್ಲ ದೇವರ ಬೆನ್ನು ಹತ್ತಿದ್ದರು. ಅವನ ದೊಡ್ಡಮ್ಮ ಟೀಚರ್ ಕೈ ಹಿಡಿದುಕೊಂಡು ಧೈರ್ಯ ತುಂಬಿದರು.

"ಅಳಬೇಡಮ್ಮ. ಈ ವಾರ ಸಾಲಾಗಿ ರಜೆ. ಎಲ್ಲರೂ ಗಾಡಿ ಹತ್ತಿ ಹೊರಡ್ತಾರೆ. ದೇವರು ಕಣ್ಣು ಬಿಟ್ರೆ ಎಲ್ಲಾದ್ರೂ ಒಂದು ಆಗೇ ಆಗುತ್ತೆ."

ಒಂದು ಅಂದರೆ ಒಂದು ಆಕ್ಸಿಡೆಂಟ್. ದೊಡ್ಡಮ್ಮ ಕೆಟ್ಟವರಲ್ಲ, ಇರುವೆ ಕಂಡರೂ ದಾಟಿಕೊಂಡು ಹೋಗುವ ಹೆಂಗಸು. ಅಂಥವರು ಯಾರದೋ ಮಗನನ್ನು ಕೂತಲ್ಲಿಂದಲೇ ಬಸ್ಸಿನಡಿ ತಳ್ಳಿ, ಟೀ ಆರಿಹೋಗುತ್ತದೆಂದು ಅಡುಗೆಮನೆಗೆ ಎದ್ದರು.

ಟೀಚರ್ ಎಂದರೆ ಡ್ರೈವಿಂಗ್ ಸ್ಕೂಲಿನ ಟೀಚರ್. ಕನ್ನಡಕದವನು ಅವಳ ಬಳಿ ಕಾರು ಕಲಿಯಲು ಬಂದವನು. ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿ ಎಂದರೆ ಕನ್ನಡಿ ತಿರುಗಿಸಿ ಅವಳನ್ನು ನೋಡುತ್ತಿದ್ದ. ಅವಳು ಗದರಿಸಿ ಸರಿಮಾಡಿದರೆ, ಅವಳ ತುಟಿಯಂಚಿನ ನಗುವನ್ನು ಕದ್ದು ನೋಡುತ್ತಿದ್ದ. ಟೆಸ್ಟಿನಲ್ಲಿ ಮೂರು ಸಲ ಫೇಲಾದ. ಬೇಕಂತಲೇ ಎಂದು ಅವಳಿಗೆ ಇಂದಿಗೂ ಅನುಮಾನ. ಗೊತ್ತಾಗಿದ್ದ ಮದುವೆಯನ್ನು ಮಾತ್ರ ಈಗ ಅವನೇ ಮುಂದೂಡುತ್ತಿದ್ದ. "ಫೋನ್ ಬರ್ಲಿ ಮೇಡಂ, ಆಮೇಲೆ" ಎನ್ನುತ್ತಿದ್ದ.

ಅಂಗಡಿ ತೆರೆಯುವ ಮುಂಚೆ ಅವನೂ ದಿನಾ ಕಣ್ಣು ಮುಚ್ಚಿ ಕೂರುತ್ತಾನೆ. ಅವನೂ ಅದನ್ನೇ ಕೇಳುತ್ತಾನೆಂದು ನೆನೆದು ಅವಳಿಗೆ ಅಸಹ್ಯವಾಯಿತು. ತಾನು ಮನಸ್ಸು ತುಂಬ ಪ್ರೀತಿಸುವವನ ಮೇಲೆ ಅಸಹ್ಯ ಬಂದರೆ ಅದನ್ನು ಎಲ್ಲಿ ಉಗುಳುವುದು?

ಮರುದಿನ ಮಧ್ಯಾಹ್ನ ಕಲಿಯುವವಳೊಬ್ಬಳು ಕಾರು ಓಡಿಸುತ್ತಿದ್ದಳು. ಹೆಲ್ಮೆಟ್ ಇಲ್ಲದ ಬೈಕಿನವನೊಬ್ಬ ಸಂದಿಯಿಂದ ಸುಂಯ್ ಎಂದು ಅಡ್ಡ ಬಂದ. ಟೀಚರ್ ಕಾಲಡಿ ಕಲಿಸುವವರಿಗೆಂದೇ ಇರುವ ಇನ್ನೊಂದು ಬ್ರೇಕ್ ಇತ್ತು. ಇಷ್ಟು ವರ್ಷ ತಡಮಾಡದ ಕಾಲು ಅಂದು ರೆಪ್ಪೆ ಬಡಿಯುವಷ್ಟು ತಡಮಾಡಿತು. ಅಷ್ಟರಲ್ಲಿ ಅವಳ ತಲೆಗೆ ಬಂದದ್ದು ಒಂದೇ: ಎಳೇ ವಯಸ್ಸು, ಲಿವರ್ ಚೆನ್ನಾಗಿರುತ್ತೆ.

ಆಮೇಲೆ ಒತ್ತಿದಳು. ಕಾರು ಕಿರುಚಿ ನಿಂತಿತು. ಬೈಕಿನವನು ಬಾಯಿಗೆ ಬಂದಂತೆ ಬೈದು ಹೋದ. ಟೀಚರ್ ಕೆಳಗಿಳಿದು ಚರಂಡಿಯ ಪಕ್ಕ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದಳು.

ಬಾಯಿ ತೊಳೆದವಳೇ ನೇರ ಅವನ ಅಂಗಡಿಗೆ ಹೋಗಿ, ಗಾಜು ಒರೆಸುತ್ತಿದ್ದವನ ಎದುರು ನಿಂತು ಎಲ್ಲವನ್ನೂ ಕಕ್ಕಿದಳು.

"ನನ್ನನ್ನ ಮದುವೆ ಆಗ್ಬೇಡ. ನನ್ನ ಕಂಡ್ರೆ ನಂಗೇ ಹೇಸಿಗೆ ಆಗ್ತಿದೆ."

ಅವನ ಹಳದಿ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. "ನಾನು ಬೆಳಿಗ್ಗೆ ಏನ್ ಕೇಳ್ಕೋತೀನಿ ಗೊತ್ತಾ?"

"ಬೇಡ, ಹೇಳ್ಬೇಡ."

"ರಸ್ತೆಗೆ ಇಳಿದವರೆಲ್ಲ ಸಂಜೆ ಮನೆ ಸೇರ್ಲಿ ಅಂತ."

ಅವಳಿಗೆ ಮೈ ಉರಿದುಹೋಯಿತು. "ತಲೆ ಕೆಟ್ಟಿದ್ಯಾ? ಅವರೆಲ್ಲ ಮನೆ ಸೇರಿದ್ರೆ ನೀನು..."

"ಹೋಗ್ತೀನಿ. ಗೊತ್ತು." ಅವನು ಗಾಜು ಕೆಳಗಿಟ್ಟ. "ಮೊದಮೊದಲು ನಾನೂ ದೊಡ್ಡಮ್ಮನ ಥರಾನೇ ಕೇಳ್ದೆ. ಆಂಬುಲೆನ್ಸ್ ಸದ್ದು ಕೇಳಿದ್ರೆ ಖುಷಿ ಆಗೋದು. ಖುಷಿ! ನಿಂಗಾಗಿರೋ ಹೇಸಿಗೆ ನಂಗೂ ಆಯ್ತು. ಆಮೇಲೆ ಕೇಳೋದನ್ನೇ ಬದಲಾಯಿಸ್ದೆ. ಈಗ ನಿದ್ದೆ ಬರುತ್ತೆ."

"ಲಿವರ್ ಬಂದ್ರೆ ಬೇಡ ಅಂತೀಯಾ?"

"ಅಯ್ಯೋ, ಎರಡೂ ಕೈಲಿ ತಗೋತೀನಿ! ನೀನಿರುವಾಗ ಬದುಕೋ ಆಸೆ ಕಮ್ಮಿ ಇರುತ್ತಾ? ಯಾರದೋ ಸಾವನ್ನ ಕೇಳಿ ತರಿಸ್ಕೊಂಡಿದ್ದು ಆಗ್ಬಾರ್ದು, ಅಷ್ಟೇ."

ಅವಳು ಅವನ ಭುಜಕ್ಕೆ ಗುದ್ದಿದಳು. ಅಲ್ಲೇ ಹಣೆಯಿಟ್ಟು ಅತ್ತಳು. ಅವನ ಶರ್ಟಿಗೆ ಔಷಧಿ ವಾಸನೆ ಇತ್ತು. ಅವಳು ಮುಖ ತಿರುಗಿಸಲಿಲ್ಲ.

"ಕೂತ್ಕೋ" ಎಂದ.

"ನಂಗೆ ದೇವರ ಮೇಲೆ ನಂಬಿಕೆ ಇಲ್ಲ."

"ಸುಮ್ನೆ ಕೂತ್ಕೋ ಮೇಡಂ."

ಬೆಂಚಿನ ಮೇಲೆ ಅವನ ಪಕ್ಕ ಕೂತು ಕಣ್ಣು ಮುಚ್ಚಿದಳು. ಯಾವ ದೇವರೂ ಬರಲಿಲ್ಲ. ಬಂದವನು ಕೆದರಿದ ತಲೆಯ ಬೈಕಿನವನು.

"ಆ ಹುಡುಗ ಮನೆ ಸೇರ್ಲಿ" ಎಂದಳು.

ಮನಸಾರೆ ಅಂದಿದ್ದಳು. ಅಂದಮೇಲೆ ಆ ಮಾತಿನ ಭಾರ ಗೊತ್ತಾಗಿ, ಪಕ್ಕದವನ ಕೈಯನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದಳು.

"ನಾಳೆನೇ ಮದುವೆ ಆಗೋಣ."

"ಫೋನ್ ಬರದಿದ್ರೆ?"

"ಬರದಿದ್ರೂ" ಎಂದಳು.