ಮುಂದಿನ ವರ್ಷದ ಉಂಡಿ

"ಬುರುಡಿ ಯಾಕ ಇಷ್ಟ ಹಗುರ ಐತಿ?"

ಅಟ್ಟದಿಂದ ಇಳಿಸಿದ, ಬಿತ್ತನೆ ಬೀಜ ಇಡುವ ಒಣ ಸೋರೆಬುರುಡೆಯನ್ನು ಅಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದೇ ಇಲ್ಲ. ಮಳೆ ಚೆನ್ನಾಗಿ ಆಗಿತ್ತು. ನಾಳೆ ನವಣೆ ಬಿತ್ತಬೇಕು.

ಬಾಗಿಲ ಹಿಂದೆ ನಿಂತಿದ್ದ ಭಾಗ್ಯಾ ಮುಂದೆ ಬಂದಳು.

"ಅಪ್ಪಾ, ನಾನ ನಿನ್ನಿ ಹುರದ್ನಿ."

"ಏನ್ ಹುರದಿ?"

"ನವಣಿ. ಎಲ್ಲಾನೂ."

ಅವ್ವ ಒಳಗಿಂದ ಓಡಿ ಬಂದಳು. "ಹುಚ್ಚಿ! ಬೀಜದ ಕಾಳ ಯಾರರ ಹುರೀತಾರೇನ? ಇನ್ನ ಅದು ಮೊಳಕಿ ಒಡೀತೈತೇನು?"

ಭಾಗ್ಯಾಳ ಆಯಿ, ಅಂದರೆ ಅಪ್ಪನ ಅವ್ವ ಮಾಯವ್ವ, ತೀರಿಕೊಂಡು ಐದು ತಿಂಗಳಾಗಿತ್ತು. ಆಯಿ ನವಣೆ ಹುರಿದು ಬೆಲ್ಲ ಹಾಕಿ ಉಂಡಿ ಕಟ್ಟಿದಳೆಂದರೆ ಇಡೀ ಓಣಿಗೆ ಘಮ. "ಇನ್ನೊಂದ ಕೊಡ" ಎಂದು ಕೈಚಾಚಿದರೆ ಅಟ್ಟದ ಬುರುಡೆ ತೋರಿಸುತ್ತಿದ್ದಳು.

"ಅದರಾಗ ಮುಂದಿನ ವರ್ಷದ ಉಂಡಿ ಅದಾವ. ಈಗ ಮುಟ್ಟಂಗಿಲ್ಲ."

ಚಿಕ್ಕವಳಿದ್ದಾಗ ಭಾಗ್ಯಾ ಅದನ್ನು ಪೂರ್ತಿ ನಂಬಿದ್ದಳು. ಬುರುಡೆಯೊಳಗೆ ಉಂಡಿಗಳು ಸಾಲಾಗಿ ಕುಳಿತಿವೆ ಅಂತ!

ನಿನ್ನೆ ಶನಿವಾರ, ಸಾಲೆ ಬೇಗ ಬಿಟ್ಟಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಆಯಿ ಹೊದೆಯುತ್ತಿದ್ದ ಕೌದಿ ಮಡಚಿಟ್ಟಲ್ಲೇ ಇತ್ತು. ಭಾಗ್ಯಾಳಿಗೆ ಆಯಿ ಬೇಕೆನಿಸಿತು, ಅಳು ಬರುವಷ್ಟು ಬೇಕೆನಿಸಿತು. ಅಟ್ಟದ ಬುರುಡೆ ಇಳಿಸಿ, ಹುಳ ಬೀಳದಂತೆ ಕಾಳಿಗೆ ಹಚ್ಚಿದ್ದ ಬೂದಿ ತೊಳೆದು ಗ್ಯಾಸ್ ಮೇಲೆ ಹುರಿದಳು. ಸ್ವಲ್ಪ ಹೊತ್ತು ಮನೆಯೆಲ್ಲ ಆಯಿಯ ವಾಸನೆ. ಬಾಯಿಗೆ ಹಾಕಿಕೊಂಡರೆ ಬರೀ ಹೊಟ್ಟು! ಆಮೇಲೆ ಕಾಳು ತಣ್ಣಗಾಯಿತು, ವಾಸನೆಯೂ ಹೋಯಿತು.

ಅವಳು ಹುರಿದ ಕಾಳಿನ ಡಬ್ಬಿ ತಂದು ಕೊಟ್ಟಳು. ಅಪ್ಪ ಒಂದು ಚಿಟಿಕೆ ತೆಗೆದು ಮೂಸಿದ.

"ಅಂಗಡ್ಯಾಗಿಂದ ಬ್ಯಾರೆ ಬೀಜ ತರೂಣೇನ್ರಿ?" ಅವ್ವ ಕೇಳಿದಳು.

"ನಮ್ಮವ್ವನ ಬೀಜ ಅಂಗಡ್ಯಾಗ ಎಲ್ಲಿ ಸಿಗತೈತಿ? ಭಾಗ್ಯಾ, ಚಪ್ಪಲ್ ಹಾಕ್ಕೋ. ಯಾವಗಲ್ ಊರಿಗೆ ಹೋಗೂಣು."

ಯಾವಗಲ್ಲಿನ ಜಂಗ್ಲಿಸಾಬ ಅಪ್ಪನ ಹಳೆಯ ಗೆಳೆಯ. ಅವನ ಮನೆಯಲ್ಲಿ ಅಪ್ಪ ಬಾಯಿ ತೆರೆಯುವ ಮೊದಲೇ ಭಾಗ್ಯಾ ಹೇಳಿಬಿಟ್ಟಳು: "ಕಾಕಾ, ಬೀಜದ ನವಣಿ ಎಲ್ಲಾ ನಾನ ಹುರದ್ನಿ."

ಕಾಕಾ ನಗಲಿಲ್ಲ, ಬೈಯಲೂ ಇಲ್ಲ. ಒಳಗಿಂದ ಒಂದು ಗಡಿಗೆ ತಂದ.

"ಮೂರ ವರ್ಷದ ಹಿಂದ ನಮ್ಮ ಬೀಜಕ್ಕ ಹುಳ ಹತ್ತಿತ್ತವಾ. ನಿಮ್ಮ ಆಯಿ ಬಸ್ಸಿನ್ಯಾಗ ಬಂದು, ಸೀರಿ ಉಡ್ಯಾಗ ಕಟಗೊಂಡ ತಂದು ಕೊಟ್ಟಳು. ವರ್ಷಾ ಬಿತ್ತಿ ಬೆಳಕೊಂತ ಬಂದೀನಿ, ಇದು ಆಕೀ ಬೀಜನ. ಆಕಿ ಹೇಳಿದಂಗ ಬೂದಿ ಕಲಸೇ ಇಟ್ಟೀನಿ."

ಭಾಗ್ಯಾ ಗಡಿಗೆಯೊಳಗೆ ಕೈ ಹಾಕಿದಳು. ಸಣ್ಣ ಸಣ್ಣ ಕಾಳು ತಣ್ಣಗೆ ಬೆರಳ ಸಂದಿಯಲ್ಲಿ ಜಾರಿದವು. ಹೊರತೆಗೆದ ಕೈ ಬೂದಿಯಿಂದ ಬೆಳ್ಳಗಾಗಿತ್ತು. ಬಿತ್ತುವ ದಿನ ಆಯಿಯ ಕೈಯೂ ಹೀಗೇ ಇರುತ್ತಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ, ಮನೆಯಿಂದ ಒಯ್ದಿದ್ದ ಬುರುಡೆ ಕಾಳು ತುಂಬಿಕೊಂಡು ಅವಳ ತೊಡೆಯ ಮೇಲಿತ್ತು.

"ಭಾಳ ಕೊಟ್ಟಾನ," ಅಪ್ಪ ಅಂದ. "ಒಂದ ಮುಷ್ಟಿ ಉಂಡಿಗೆ ತಗೀಯೂಣೇನು? ಅವ್ವ ಹೊಟ್ಟು ತಗದು ಚಲೋತ್ನಾಗಿ ಮಾಡಿಕೊಡ್ತಾಳ."

ಭಾಗ್ಯಾಳ ಬಾಯಲ್ಲಿ ನೀರೂರಿತು. ಬುರುಡೆಯ ಬಾಯಿಗೆ ತುರುಕಿದ್ದ ಬಟ್ಟೆಯ ಮೇಲೆ ಕೈಯಿಟ್ಟಳು. ಆಮೇಲೆ ಅದನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು.

"ಬ್ಯಾಡಪಾ. ಇವು ಮುಂದಿನ ವರ್ಷದ ಉಂಡಿ."

ಅಪ್ಪ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ.