ಇಪ್ಪತ್ತೊಂದನೇ ದಿನದ ಖಾಲಿ ಚೌಕ

ಒಂದಾನೊಂದು ಊರಿನಲ್ಲಿ ಮುಖ ಮಾರುವವನೊಬ್ಬನಿದ್ದ. ನಿಮ್ಮ ಹಳೆಯ ಮುಖ ಕೊಡಿ, ಇಪ್ಪತ್ತೊಂದು ದಿನದಲ್ಲಿ ಹೊಸ ಮುಖ ಕೊಡುತ್ತೇನೆ ಎಂದು ದಿನಾ ಬೆಳಿಗ್ಗೆ ಸಾರುತ್ತಿದ್ದ. ಜನ ಮುಗಿಬಿದ್ದು ಕೊಡುತ್ತಿದ್ದರು. ಆ ಹಳೆಯ ಮುಖಗಳನ್ನೆಲ್ಲ ಇವನು ಏನು ಮಾಡುತ್ತಾನೆ ಎಂದು ಒಬ್ಬರೂ ಕೇಳಿರಲಿಲ್ಲ. ಕೊನೆಗೆ ಒಬ್ಬಳು ಕೇಳಿದಳು. ಉತ್ತರ ಕೇಳಿಸಿಕೊಂಡು ಮನೆಗೆ ಹೋಗಿ, ಬಾಗಿಲ ಹಿಂದೆ ಕೂತಿದ್ದ ಒಬ್ಬರಿಗೆ ಒಂದು ಮಾತು ಕೊಟ್ಟಳು. ಆ ಮಾತು ನಡೆಯುವವರೆಗೆ ಈ ಕತೆ.

ಠಾಣೆಯ ದಾಖಲೆಯಲ್ಲಿ ಮಾತ್ರ ಕತೆ ಹೀಗೆ ಶುರುವಾಗುವುದಿಲ್ಲ. ಅಲ್ಲಿ ಅದು ಶುರುವಾಗುವುದು ಹದಿನೆಂಟನೇ ತಾರೀಕು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ.

ದೂರು ತಂದವನು ಮೂವತ್ತೈದರ ಆಸುಪಾಸಿನ ಗಂಡಸು. ಮುಖಕ್ಕೆ ಹಚ್ಚುವ ಕ್ರೀಮು ತಯಾರಿಸಿ ಮಾರುತ್ತಾನೆ. ಅಂಗಡಿ ಅಂತ ಇಲ್ಲ, ಫೋನೇ ಅಂಗಡಿ. ಲಕ್ಷಗಟ್ಟಲೆ ಜನ ಅವನ ವಿಡಿಯೊ ನೋಡುತ್ತಾರೆ, ಅವನನ್ನು ಗ್ಲೋ ಅಣ್ಣ ಎಂದು ಕರೆಯುತ್ತಾರೆ. ಈ ತಿಂಗಳ ಒಂದನೇ ತಾರೀಕಿನಿಂದ ಅವನದೊಂದು ಸವಾಲು ನಡೆಯುತ್ತಿತ್ತು: ಇಪ್ಪತ್ತೊಂದು ದಿನ, ದಿನಕ್ಕೆರಡು ಸಲ, ಎಲ್ಲರ ಕಣ್ಣೆದುರು ನೇರಪ್ರಸಾರದಲ್ಲಿ ತನ್ನ ಕ್ರೀಮನ್ನು ತಾನೇ ಹಚ್ಚಿಕೊಳ್ಳುವುದು.

"ಯಾರೋ ನನ್ನ ಮುಖ ಸುಡ್ತಾರೆ ಮೇಡಂ," ಎಂದ ಅವನು, ಕೂರುವ ಮೊದಲೇ.

ಇನ್ಸ್‌ಪೆಕ್ಟರ್ ಫೋನ್ ತೆಗೆದುಕೊಂಡು ನೋಡಿದರು. ಹೆಸರಿಲ್ಲದ ಒಂದು ಖಾತೆ. ದಿನಾ ಒಂದೇ ಚಿತ್ರ. ಎಡಗಡೆಯ ಚೌಕದಲ್ಲಿ ಗ್ಲೋ ಅಣ್ಣನ ನಗುಮುಖ, ಕೆಳಗೆ 'ಮೊದಲು' ಎಂಬ ಪದ. ಬಲಗಡೆಯ ಚೌಕ ಖಾಲಿ, ಕೆಳಗೆ 'ಆಮೇಲೆ'. ಅದರಡಿ ದಿನಕ್ಕೊಂದು ಕಡಿಮೆಯಾಗುತ್ತಾ ಬಂದ ಲೆಕ್ಕ. ಇವತ್ತಿನದು: ಇನ್ನು ಮೂರೇ ದಿನ. ಆ ಖಾಲಿ ಚೌಕದಲ್ಲಿ ಏನು ಬರುತ್ತದೆಂದು ಊಹಿಸುವುದೇ ಈಗ ಒಂದು ಟ್ರೆಂಡು. ಜನ ತಮ್ಮ ಫೋಟೊದ ಪಕ್ಕ ಖಾಲಿ ಚೌಕ ಇಟ್ಟು ಹಾಕಿಕೊಳ್ಳುತ್ತಿದ್ದರು.

"ಆ್ಯಸಿಡ್ಡು," ಎಂದ ಅವನು.

ಪಕ್ಕದಲ್ಲಿ ನಿಂತಿದ್ದ ಪೇದೆ ನಗು ತಡೆದುಕೊಂಡ. ಇನ್ಸ್‌ಪೆಕ್ಟರ್ ನಗಲಿಲ್ಲ. ನಾಲ್ಕು ವರ್ಷದ ಹಿಂದೆ ಬೇರೊಂದು ಠಾಣೆಯಲ್ಲಿ ಇಂಥದೇ ದೂರು ತಂದ ಹೆಣ್ಣುಮಗಳನ್ನು ಅಲ್ಲಿನವರು ನಕ್ಕು ಕಳಿಸಿದ್ದರು. ಮೂರನೇ ದಿನ ಆಸ್ಪತ್ರೆಯಲ್ಲಿ ಅವಳ ಹೇಳಿಕೆ ಬರೆದುಕೊಂಡವರು ಇವರೇ.

"ಯಾರ ಮೇಲೆ ಅನುಮಾನ?"

"ಹೊಟ್ಟೆಕಿಚ್ಚಿನೋರು ಸಾವಿರ ಜನ ಇದ್ದಾರೆ."

"ನಿಮ್ಮ ಜಾಹೀರಾತಲ್ಲೂ ಮೊದಲು, ಆಮೇಲೆ ಅಂತ ಮುಖಗಳಿವೆಯಲ್ಲ. ಆ ಮೊದಲಿನ ಮುಖಗಳು ಯಾರದು?"

"ಯಾರ್ಯಾರದೋ. ಅದೆಲ್ಲ ಯಾರಿಗೆ ನೆನಪಿರುತ್ತೆ ಮೇಡಂ?"

ಹನ್ನೊಂದೂ ಐದಕ್ಕೆ ಎಫ್‌ಐಆರ್ ದಾಖಲಾಯಿತು. ಅವನು ಸಹಿ ಹಾಕುವಾಗ ಇನ್ಸ್‌ಪೆಕ್ಟರ್ ಎರಡು ಸಂಗತಿ ಗಮನಿಸಿದರು. ಅಂಗಿಯ ಕಾಲರಿಗೆ ಮೇಕಪ್ಪಿನ ಬಣ್ಣ ದಪ್ಪಗೆ ಮೆತ್ತಿತ್ತು. ಸಹಿಯ ನಡುವೆ ಅವನು ಎರಡು ಸಲ ಪೆನ್ನು ಬಿಟ್ಟು ಬೆರಳ ಗೆಣ್ಣಿನಿಂದ ದವಡೆ ಉಜ್ಜಿಕೊಂಡ.

ಮಧ್ಯಾಹ್ನ ಮೂರಕ್ಕೆ ಅವನ ಸ್ಟುಡಿಯೊ. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವರನ್ನು ಅರಗಣ್ಣ ಎಂದೇ ಕರೆಯುವುದು. ಜಪ್ತಿಯಾದದ್ದು ಸೂಜಿಯೇ ಆಗಿರಲಿ, ಬಟ್ಟೆಯಲ್ಲಿ ಕಟ್ಟಿ, ಅರಗು ಕಾಯಿಸಿ, ಸೀಲು ಒತ್ತದೆ ಬಿಡುವವರಲ್ಲ. ಮನೆಯ ಉಪ್ಪಿನ ಡಬ್ಬಿಗೂ ಸೀಲು ಹಾಕಿ ಬರ್ತಾರಂತೆ ಎಂದು ಪೇದೆಗಳು ಆಡಿಕೊಳ್ಳುತ್ತಿದ್ದರು.

ಸ್ಟುಡಿಯೊ ಎಂದರೆ ಒಂದು ಕೋಣೆ, ಒಂದು ಮೇಜು, ಬಳೆಯಾಕಾರದ ದೊಡ್ಡ ದೀಪ, ಕೈ ತೊಳೆಯುವ ತೊಟ್ಟಿ. ಗೋಡೆಯ ಹಲಗೆಯ ಮೇಲೆ 'ಇನ್ನು ಹನ್ನೆರಡೇ ಡಬ್ಬಿ ಉಳಿದಿವೆ' ಎಂಬ ಬರಹ. ಒಳಗಿನ ಕೋಣೆಯಲ್ಲಿ ಸೂರಿನ ತನಕ ಡಬ್ಬಿ ತುಂಬಿದ ರಟ್ಟಿನ ಪೆಟ್ಟಿಗೆಗಳು.

"ಈ ಹನ್ನೆರಡು ಯಾವಾಗಿಂದ ಹನ್ನೆರಡು?" ಎಂದರು ಅರಗಣ್ಣ.

"ಒಂದು ವರ್ಷದಿಂದ," ಎಂದಳು ಅಲ್ಲಿ ಕೆಲಸಕ್ಕಿದ್ದ ಒಬ್ಬಳೇ ಒಬ್ಬಳು, ಕ್ಯಾಮೆರಾ ಹುಡುಗಿ. ಇಪ್ಪತ್ಮೂರು ವರ್ಷವಿರಬಹುದು. ನಗಲಿಲ್ಲ. "ಕಮ್ಮಿ ಅಂದ್ರೆ ಜನ ಓಡಿ ಬರ್ತಾರೆ ಸಾರ್. ಅರ್ಧ ತೋರಿಸಿ ಅರ್ಧ ಮುಚ್ಚಿಟ್ರೆ ಇನ್ನೂ ಜೋರಾಗಿ ಬರ್ತಾರೆ. ನಮ್ ಸರ್ ಕಲಿಸಿದ್ದು."

ಇನ್ಸ್‌ಪೆಕ್ಟರ್ ಫೋನಿನಲ್ಲಿ ಎಡ ಚೌಕದ ನಗುಮುಖವನ್ನು ಹಿಗ್ಗಿಸಿ ನೋಡುತ್ತಿದ್ದರು. ಕಣ್ಣಪಾಪೆಗಳಲ್ಲಿ ದೀಪದ ಬಳೆ ಪ್ರತಿಫಲಿಸಿತ್ತು. ಎರಡೂ ಬಳೆಗಳಲ್ಲಿ, ಒಂದೇ ಜಾಗದಲ್ಲಿ, ಬೆಳಕು ತುಂಡಾಗಿತ್ತು. ತಲೆಯೆತ್ತಿ ದೀಪ ಹಾಕಿಸಿದರು. ಬಳೆಯ ಕೆಳತುದಿಯಲ್ಲಿ ನಾಲ್ಕು ಬೆರಳಗಲ ಉರಿಯುತ್ತಿರಲಿಲ್ಲ.

ಅಂದರೆ ಆ ಫೋಟೊ ತೆಗೆದದ್ದು ಇದೇ ಕೋಣೆಯಲ್ಲಿ; ಅವನು ಎಲ್ಲೂ ಹಾಕಿರದ ಫೋಟೊ ಅದು. ಹೊರಗಿನವರದಲ್ಲ ಈ ಕೈ.

ಆದರೆ ಆ ಕೈ ಇಪ್ಪತ್ತೊಂದನೇ ದಿನ ಏನು ಮಾಡಲಿದೆ? ಅಂದೇ ಸಂಜೆ ಅವನ ಮನೆಗೂ ಸ್ಟುಡಿಯೊಗೂ ಕಾವಲು ಹಾಕಿದರು.

ಹತ್ತೊಂಬತ್ತನೇ ತಾರೀಕು, ಬೆಳಿಗ್ಗೆ ಎಂಟು. ಠಾಣೆಯ ಮೇಜಿನ ಮೇಲೆ ಫೋನ್ ನಿಲ್ಲಿಸಿಕೊಂಡು ಇಬ್ಬರೂ ನೇರಪ್ರಸಾರ ನೋಡಿದರು. ಗ್ಲೋ ಅಣ್ಣ ಡಬ್ಬಿ ತೆರೆದ, ಎರಡು ಬೆರಳಲ್ಲಿ ತೆಗೆದ, ಕೆನ್ನೆಗೆ ಬಳಿದುಕೊಂಡ. "ನಾನು ಹಚ್ಚದ್ದನ್ನ ನಿಮಗೆ ಕೊಡಲ್ಲ," ಎಂದು ನಕ್ಕ. ನಗುವಿನ ನಡುವೆ ಎಡಗಣ್ಣಲ್ಲಿ ನೀರು ಬಂತು. ಅದೇ ಬೆರಳ ಗೆಣ್ಣು, ಅದೇ ದವಡೆ.

ಇನ್ಸ್‌ಪೆಕ್ಟರ್ ಕಾಫಿ ಲೋಟ ಕೆಳಗಿಟ್ಟರು.

"ಅರಗಣ್ಣ, ನಾವು ಇಪ್ಪತ್ತೊಂದನೇ ದಿನ ಕಾಯ್ತಾ ಇದ್ದೀವಿ. ಆ ಚೌಕ ಆವತ್ತು ತುಂಬೋದಲ್ಲ. ದಿನಾ ಸ್ವಲ್ಪ ಸ್ವಲ್ಪ ತುಂಬ್ತಾ ಇದೆ."

ಒಂಬತ್ತೂ ನಲವತ್ತಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ಆರಂಭವಾಯಿತು. ಅದನ್ನು ವಿಡಿಯೊ ಮಾಡಬೇಕೆಂಬುದು ನಿಯಮ. ಠಾಣೆಯ ಕ್ಯಾಮೆರಾ ಕೆಟ್ಟು ಎರಡು ತಿಂಗಳಾಗಿತ್ತು.

"ಇಲ್ಲೇ ಇದೆಯಲ್ಲ ಒಳ್ಳೇದು," ಎಂದರು ಅರಗಣ್ಣ. "ಏ ತಾಯಿ, ಸ್ವಲ್ಪ ಹಿಡ್ಕೊಳ್ಳಮ್ಮ."

ಕ್ಯಾಮೆರಾ ಹುಡುಗಿ ಹಿಡಿದುಕೊಂಡಳು.

ಮೇಜಿನ ಮೇಲಿನ ಡಬ್ಬಿಯ ತಳದಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕಿ ಇತ್ತು. ಮಾರಾಟದ ಡಬ್ಬಿಗಳಿಗೆ ಅದಿರಲಿಲ್ಲ. ಇದೂ ಒಂದು, ಅದೂ ಒಂದು ಜಪ್ತಿಯಾದವು. ಆಮೇಲೆ ಇನ್ಸ್‌ಪೆಕ್ಟರ್ ತೊಟ್ಟಿಯ ಕಡೆ ಕೈ ತೋರಿಸಿದರು.

"ಮುಖ ತೊಳ್ಕೊಳ್ಳಿ."

"ಯಾಕೆ ಮೇಡಂ?"

"ತೊಳ್ಕೊಳ್ಳಿ."

ಬಣ್ಣ ನೀರಲ್ಲಿ ಹರಿದುಹೋಯಿತು. ಪಂಚರಲ್ಲೊಬ್ಬ "ಅಯ್ಯಯ್ಯೋ" ಎಂದ. ಕೆನ್ನೆ ಎರಡೂ ಕಡೆ ತೇಪೆ ತೇಪೆಯಾಗಿ ಸುಲಿದಿತ್ತು. ದವಡೆಯುದ್ದಕ್ಕೂ ಕೆಂಪು ಗುಳ್ಳೆ, ಕಣ್ಣ ಕೆಳಗೆ ಬೂದಿ ಬಣ್ಣದ ಕಲೆ.

"ಸರ್, ಸ್ವಲ್ಪ ಕಿಟಕಿ ಕಡೆ ತಿರುಗಿ," ಎಂದಳು ಹುಡುಗಿ ಕ್ಯಾಮೆರಾದ ಹಿಂದಿನಿಂದ, ದಿನವೂ ಹೇಳುವ ಧ್ವನಿಯಲ್ಲೇ. ಅವನೂ ಅಭ್ಯಾಸಬಲದಿಂದ ತಿರುಗಿದ.

ಇಪ್ಪತ್ತನೇ ತಾರೀಕು ಮಧ್ಯಾಹ್ನ ಹನ್ನೆರಡೂವರೆಗೆ ಪ್ರಯೋಗಾಲಯದ ವರದಿ ಬಂತು; ಅಷ್ಟು ಬೇಗ ಬರಲು ಅರಗಣ್ಣ ಬೆಳಗಿನಿಂದ ಅಲ್ಲಿನ ಬೆಂಚು ಬಿಟ್ಟೆದ್ದಿರಲಿಲ್ಲ. ಇನ್ಸ್‌ಪೆಕ್ಟರ್ ದೂರುದಾರನನ್ನು ಕರೆಸಿ ಓದಿ ಹೇಳಿದರು.

"ಎರಡು ಡಬ್ಬೀಲೂ ಇರೋದು ಒಂದೇ ಕ್ರೀಮು. ಎರಡರಲ್ಲೂ ಪಾದರಸ ಇದೆ, ಚರ್ಮ ಸುಡೋ ಬಿಳುಪಿನ ಮದ್ದಿದೆ."

"ಸಾಧ್ಯವೇ ಇಲ್ಲ! ಕೆಂಪು ಚುಕ್ಕಿ ಡಬ್ಬೀಲಿ ನಾನು ಬರೀ..."

ಅವನು ಬಾಯಿ ಮುಚ್ಚಿಕೊಂಡ.

"ಬರೀ ಏನು?"

ಅವನ ಬೆರಳ ಗೆಣ್ಣು ಮತ್ತೆ ದವಡೆಗೆ ಹೋಯಿತು.

"ಮಗೂಗೆ ಹಚ್ಚೋ ಸಾದಾ ಕ್ರೀಮು ಅಲ್ವಾ? ನಿಮ್ಮ ಮುಖಕ್ಕೊಂದು ಡಬ್ಬಿ, ಊರಿನ ಮುಖಕ್ಕೊಂದು ಡಬ್ಬಿ. ಗೊತ್ತಾಗೋಕೆ ತಳದಲ್ಲೊಂದು ಚುಕ್ಕಿ."

"ನನಗೆ ವಿಷ ಹಾಕಿದ್ದಾರೆ ಮೇಡಂ! ನನ್ನ ಮುಖ ನೋಡಿ!"

"ಬರ್ಕೊಡಿ ಮತ್ತೆ," ಎಂದರು ಅರಗಣ್ಣ, ಬಿಳಿ ಹಾಳೆ ಮುಂದೆ ತಳ್ಳುತ್ತ. "ನಾನು ಮಾರೋದನ್ನ ನನಗೇ ಹಚ್ಚಿದ್ದಾರೆ, ಅದು ವಿಷ ಅಂತ. ಎರಡೇ ಸಾಲು."

ಅವನು ಹಾಳೆ ಮುಟ್ಟಲಿಲ್ಲ.

"ಕೆಂಪು ಚುಕ್ಕಿ ಡಬ್ಬಿ ತುಂಬೋದು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ಕ್ಯಾಮೆರಾ ಹುಡುಗಿ."

ಅವಳ ಮನೆ ಎರಡನೇ ಮಹಡಿಯಲ್ಲಿತ್ತು. ನಾಲ್ಕೂ ಹತ್ತಕ್ಕೆ ಬಾಗಿಲು ತಟ್ಟಿದರು. ಬಾಗಿಲು ತೆರೆದವಳು ಅವಳ ಅಕ್ಕ. ಮನೆಯೊಳಗೂ ಮೂಗಿನ ಮೇಲೆ ಮಾಸ್ಕು. ಒಳಗೆ ಎರಡು ಮಂಚ, ಒಂದು ಬೀರು. ಬೀರುವಿನ ಕನ್ನಡಿಗೆ ಟವೆಲ್ಲು ಹೊದಿಸಿ, ಜಾರದಂತೆ ನಾಲ್ಕು ಕಡೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿತ್ತು.

ತಂಗಿ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಆಗಲೇ ಮಡಚಿಟ್ಟ ಒಂದು ಜೊತೆ ಬಟ್ಟೆ.

"ಬರ್ತೀರ ಅಂತ ಗೊತ್ತಿತ್ತು ಮೇಡಂ. ದೀಪ ಹಾಕಿಸಿದಾಗಲೇ."

"ಡಬ್ಬಿ ಬದಲಾಯಿಸಿದ್ದು ನೀನಾ?"

"ಒಂದನೇ ತಾರೀಕಿಂದ."

"ಏನು ಹಾಕಿದೆ?"

"ಡಬ್ಬಿ ಮೇಲೆ ಏನು ಬರೆದಿದೆಯೋ ಅದನ್ನೇ. ಒಂದು ಹನಿ ಬೇರೆ ಹಾಕಿಲ್ಲ."

"ಯಾಕೆ?"

ಹುಡುಗಿ ಅಕ್ಕನ ಕಡೆ ನೋಡಿದಳು. ಅಕ್ಕ ಗೋಡೆಯ ಕಡೆ ನೋಡಿದಳು. ಹೇಳಿದವಳು ತಂಗಿಯೇ.

ಅಕ್ಕ ಶಾಲೆಯಲ್ಲಿ ಮೇಷ್ಟ್ರಮ್ಮ. ಎಂಟು ತಿಂಗಳ ಹಿಂದೆ ಅವಳ ಗುರುತಿನ ಚೀಟಿಗೆಂದು ಒಂದು ಫೋಟೊವನ್ನು ತಂಗಿಯೇ ಸ್ಟುಡಿಯೊದಲ್ಲಿ ತೆಗೆದಿದ್ದಳು. ಅದು ಅಲ್ಲಿನ ಕಂಪ್ಯೂಟರಿನಲ್ಲಿ ಉಳಿಯಿತು. ಮರುವಾರ ಅದೇ ಮುಖ, ಕಪ್ಪಾಗಿಸಿ, ಕೆನ್ನೆಯ ತುಂಬ ಚುಕ್ಕಿ ಬಿಡಿಸಿ, 'ಮೊದಲು' ಎಂಬ ಚೌಕದಲ್ಲಿ ಬಂತು. ನೋಡಿದವರಿಗೆ ಮಜಾ ಬಂತು. ಇದ್ದಿಲ ಚುಕ್ಕಿ ಇಟ್ಟುಕೊಂಡು ಅದೇ ಸಪ್ಪೆ ಮುಖ ಮಾಡಿ ರೀಲು ಮಾಡುವುದೇ ಒಂದು ಟ್ರೆಂಡಾಯಿತು. ಹೆಸರೂ ಬಿತ್ತು: ಬಿಫೋರ್ ಮಿಸ್.

"ಒಂದಿನ ಅಕ್ಕ ಕ್ಲಾಸಿಗೆ ಹೋದ್ರೆ, ನಲವತ್ತೆರಡು ಮಕ್ಕಳೂ ಕೆನ್ನೆಗೆ ಇದ್ದಿಲ ಚುಕ್ಕಿ ಇಟ್ಕೊಂಡು ಕೂತಿದ್ರು. ಹಾಜರಿ ಕರೆದು, ಪಾಠ ಮುಗಿಸಿ, ಮನೆಗೆ ಬಂದು ಕನ್ನಡಿಗೆ ಟವೆಲ್ ಹಾಕಿದ್ಲು. ಅವತ್ತಿಂದ ಹೊರಗೆ ಹೋಗಿಲ್ಲ."

"ತೆಗೀರಿ ಅಂತ ಅವನನ್ನ ಕೇಳಲಿಲ್ವಾ?"

"ಕಾಲು ಹಿಡ್ಕೊಂಡು ಕೇಳಿದೆ. 'ಫೋಟೊ ಹಿಟ್ ಆಗಿದೆ ಕಣೇ, ಫೇಮಸ್ ಆದೆ ಅಂತ ನಿಮ್ಮಕ್ಕನಿಗೆ ಹೇಳು' ಅಂದ್ರು. ಸರಿ ಸರ್ ಅಂದೆ. ಕೆಲಸ ಬಿಡಲಿಲ್ಲ. ಅವರು ಕಲಿಸಿದ್ದೆಲ್ಲ ಕಲಿತೆ. ಅದೇ ಚೌಕದಲ್ಲಿ, ಅಷ್ಟೇ ಜನರ ಕಣ್ಣೆದುರು ಅವರನ್ನ ಕೂರಿಸ್ತೀನಿ ಅಂತ ಅಕ್ಕನಿಗೆ ಮಾತು ಕೊಟ್ಟೆ."

ಐದೂ ನಲವತ್ತಕ್ಕೆ ದಸ್ತಗಿರಿ. ಮಹಿಳಾ ಪೇದೆ ಮೆಟ್ಟಿಲ ಹತ್ತಿರ ಕಾದಿದ್ದಳು. ಅರಗಣ್ಣ ಹುಡುಗಿಯ ಫೋನನ್ನು ಆಫ್ ಮಾಡಿ, ಲಕೋಟೆಗೆ ಹಾಕಿ, ಪಂಚರ ಸಹಿ ತೆಗೆದುಕೊಂಡು, ಅರಗು ಕಾಯಿಸಿ ಐದು ಕಡೆ ಸೀಲು ಒತ್ತಿದರು. ಕೊನೆಯ ಸೀಲು ಆರುವವರೆಗೆ ಹುಡುಗಿ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಹೇಳಿದಳು:

"ನಾಳೆ ಬೆಳಿಗ್ಗೆ ಎಂಟಕ್ಕೆ ಆ ಚೌಕ ತಾನಾಗೇ ತುಂಬುತ್ತೆ ಮೇಡಂ. ಸಮಯ ಕೊಟ್ಟು ಇಟ್ಟಿದ್ದೀನಿ, ಫೋನ್ ಆಫ್ ಆಗಿದ್ರೂ ಹೋಗುತ್ತೆ. ನಿಲ್ಲಿಸಬೇಕಂದ್ರೆ ಆ ಫೋನಿಂದಲೇ ನಿಲ್ಲಿಸಬೇಕು."

"ಯಾವ ಫೋಟೊ?"

"ಕಿಟಕಿ ಕಡೆ ತಿರುಗಿದ್ರಲ್ಲ, ಅದು."

ಅರಗಣ್ಣನ ಕೈಯಲ್ಲಿದ್ದ ಮೇಣದಬತ್ತಿ ಹಾಗೇ ನಿಂತಿತು. ಪಂಚನಾಮೆಯ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟವರು ಅವರೇ. ಆ ಸಂಗತಿಯನ್ನು ಇನ್ಸ್‌ಪೆಕ್ಟರ್ ಅಂದು ಸಂಜೆ ಕೇಸ್ ಡೈರಿಯಲ್ಲಿ ತಾವೇ ಬರೆದರು. ಯಾರ ತಪ್ಪನ್ನೂ ಮುಚ್ಚಲಿಲ್ಲ, ತಮ್ಮದನ್ನು ಮೊದಲು ಬರೆದರು.

ಇಪ್ಪತ್ತೊಂದನೇ ತಾರೀಕು. ಠಾಣೆಯಿಂದ ವಿಷಯ ತಿಳಿದು, ಬೆಳಿಗ್ಗೆ ಏಳೂವರೆಗೆ ಗ್ಲೋ ಅಣ್ಣ ಓಡಿಬಂದ. ಮೇಕಪ್ಪು ಅರ್ಧ ಮುಖಕ್ಕೆ ಮಾತ್ರ ಹತ್ತಿತ್ತು. ಉಳಿದರ್ಧದ ಚರ್ಮ ಅದನ್ನು ಹಿಡಿದುಕೊಳ್ಳುತ್ತಲೇ ಇರಲಿಲ್ಲ.

"ಅವಳ ಫೋನ್ ತೆಗೀರಿ ಮೇಡಂ, ಅದನ್ನ ಅಳಿಸಿ! ಇನ್ನು ಅರ್ಧ ಗಂಟೆ ಇದೆ!"

ಅರಗಣ್ಣ ಲಕೋಟೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. "ಜಪ್ತಿ ಮಾಲು ಸ್ವಾಮಿ. ಒಡೀಬೇಕಂದ್ರೆ ನ್ಯಾಯಾಲಯದ ಅಪ್ಪಣೆ ಬೇಕು. ನ್ಯಾಯಾಲಯ ತೆಗೆಯೋದು ಹನ್ನೊಂದಕ್ಕೆ."

"ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ."

ಕಾಲಿಗೆ ಬಿದ್ದು ಕೇಳಿದ ಇನ್ನೊಬ್ಬಳು ಒಳಗಿನ ಕೋಣೆಯಲ್ಲಿದ್ದಳು. ಇನ್ಸ್‌ಪೆಕ್ಟರ್ ಅದನ್ನು ಹೇಳಲಿಲ್ಲ. "ಕೂತ್ಕೊಳ್ಳಿ," ಎಂದರು. "ನಿಮ್ಮ ಮೇಲೂ ಇವತ್ತು ಒಂದು ಎಫ್‌ಐಆರ್ ಆಗಿದೆ. ಆ ಪೆಟ್ಟಿಗೆಗಳ ಲೆಕ್ಕ ಕೊಡಬೇಕು. ಎಲ್ಲೂ ಹೋಗೋ ಹಾಗಿಲ್ಲ."

ಏಳೂ ಐವತ್ತಕ್ಕೆ ಅಕ್ಕ ಬಂದಳು. ಏಳು ತಿಂಗಳಲ್ಲಿ ಮೊದಲ ಸಲ ಬೀದಿಗಿಳಿದವಳು, ಮಾಸ್ಕು ಕಣ್ಣ ತನಕ ಎಳೆದುಕೊಂಡಿದ್ದಳು. ಕೈಯಲ್ಲಿ ತಂಗಿಗೆ ತಂದ ಬಾಚಣಿಗೆ, ಸೋಪು. ಬೆಂಚಿನ ಈ ತುದಿಯಲ್ಲಿ ಅವಳು ಕೂತಳು, ಆ ತುದಿಯಲ್ಲಿ ಅವನಿದ್ದ. ಅವನಿಗೆ ಅವಳ ಗುರುತು ಸಿಗಲಿಲ್ಲ.

ಗೋಡೆಯ ಗಡಿಯಾರ ಎಂಟು ತೋರಿಸಿತು. ಏನೂ ಆಗಲಿಲ್ಲ. ಅವನು ಉಸಿರು ಬಿಟ್ಟ.

ಆಮೇಲೆ ಅವನ ಜೇಬಿನಲ್ಲಿದ್ದ ಫೋನು ನಡುಗಿತು. ಮತ್ತೆ ನಡುಗಿತು. ಆಮೇಲೆ ನಿಲ್ಲಲೇ ಇಲ್ಲ, ಸಿಕ್ಕಿಬಿದ್ದ ಜೀರುಂಡೆಯ ಹಾಗೆ ಬೆಂಚಿನ ಹಲಗೆಯನ್ನೇ ಗುಂಯ್ಗುಡಿಸಿತು. ಅವನು ತೆಗೆದು ನೋಡಲಿಲ್ಲ. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ.

ಅರಗಣ್ಣ ತಮ್ಮ ಫೋನನ್ನು ಅಕ್ಕನ ಮುಂದೆ ಹಿಡಿದರು. ಬಲಗಡೆಯ ಚೌಕ ತುಂಬಿತ್ತು. ಕಿಟಕಿಯ ಬೆಳಕಿನಲ್ಲಿ ಒದ್ದೆ ಮುಖ, ಸುಲಿದ ಕೆನ್ನೆ, ಒಂದೊಂದು ಗುಳ್ಳೆಯೂ ಸ್ಪಷ್ಟ. ಕೆಳಗೆ ಒಂದೇ ಮಾತು: ಆಮೇಲೆ.

ಅಕ್ಕ ತುಂಬ ಹೊತ್ತು ನೋಡಿದಳು. ಎದ್ದು ಲಾಕಪ್ಪಿನ ಸರಳಿನ ಹತ್ತಿರ ಹೋದಳು.

"ಈ ಚುಕ್ಕಿ, ಕಲೆ... ನೀನೇನೂ ಬಿಡಿಸಿಲ್ಲ ತಾನೆ?"

"ಒಂದೂ ಇಲ್ಲ ಅಕ್ಕ. ಎಲ್ಲ ಅವರದೇ."

"ಹಾಗಾದ್ರೆ ಸರಿ," ಎಂದಳು ಅಕ್ಕ. ಮಾಸ್ಕು ತೆಗೆದು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಸರಳಿನೊಳಗೆ ಕೈ ತೂರಿಸಿ, ತಂಗಿಯ ತಲೆ ಬಾಚತೊಡಗಿದಳು.